ಅಸ್ಥಿಮಜ್ಜೆಯ ಕಸಿ: ಎರಡು ಕಡೆಯ ಹೊಂದಾಣಿಕೆ

ಮೂತ್ರಪಿಂಡವನ್ನು ಕಸಿ ಮಾಡಿದಾಗ ಅದನ್ನು ತಿರಸ್ಕರಿಸುವುದು ರೋಗಿಯ ದೇಹ. ಅಸ್ಥಿಮಜ್ಜೆಯ ಕಸಿಯಲ್ಲಿ ಇನ್ನೊಂದು ಅಪಾಯವೂ ಇದೆ. ಮಜ್ಜೆಯ ಆಕರ ಕೋಶಗಳು ರಕ್ತದ ಎಲ್ಲ ಬಗೆಯ ಕಣಗಳಿಗೂ ಮೂಲ. ರೋಗರಕ್ಷಣೆಯ ಲಿಂಫೊಸೈಟ್‌ಗಳು ಹುಟ್ಟುವುದೂ ಅವುಗಳಿಂದಲೇ. ದಾನಿಯ ಮಜ್ಜೆಯ ಜೊತೆಗೆ ಬಲಿತ ಲಿಂಫೊಸೈಟ್‌ಗಳೂ ಬರುತ್ತವೆ. ಅವು ತಮಗೆ ಆಶ್ರಯವಿತ್ತ ದೇಹವನ್ನೇ ಪರಕೀಯವೆಂದು ಬಗೆದು ದಾಳಿ ಮಾಡಬಹುದು.

ಅಮೆರಿಕದ ಇ. ಡೊನಾಲ್ ಥಾಮಸ್ ಮತ್ತು ಸಂಗಡಿಗರು ಆರು ರೋಗಿಗಳಿಗೆ ಅನ್ಯರ ಮಜ್ಜೆಯನ್ನು ರಕ್ತನಾಳದ ಮೂಲಕ ಕೊಟ್ಟ ವರದಿಯನ್ನು 1957ರಲ್ಲಿ ಪ್ರಕಟಿಸಿದರು. ನೂರು ದಿನಗಳೊಳಗೆ ಎಲ್ಲರೂ ತೀರಿಕೊಂಡರು. ಮಾರ್ಟಿಮರ್ ಬಾರ್ಟಿನ್ 1970ರಲ್ಲಿ ಅಂತಹ 203 ಕಸಿಗಳ ವಿವರ ಕಲೆಹಾಕಿದರು. ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಮಜ್ಜೆ ನೆಲೆಯೂರಿರಲೇ ಇಲ್ಲ. ನೆಲೆಯೂರಿದವರಲ್ಲಿ ಅನೇಕರು ಕಸಿಯ ದಾಳಿಗೆ ತುತ್ತಾಗಿದ್ದರು. ಈ ದಾಳಿಯಲ್ಲಿ ಮುಖ್ಯವಾಗಿ ಚರ್ಮ, ಯಕೃತ್ತು ಮತ್ತು ಕರುಳು ಹಾನಿಗೊಳ್ಳುತ್ತವೆ.

ಇದು ಯಾವಾಗ ಸಂಭವಿಸುತ್ತದೆ? ರೂಪರ್ಟ್ ಬಿಲ್ಲಿಂಗ್‌ಹ್ಯಾಮ್ 1966ರಲ್ಲಿ ಮೂರು ನಿಬಂಧನೆಗಳನ್ನು ಹೇಳಿದರು. ಕಸಿಯಲ್ಲಿ ಸಮರ್ಥ ರಕ್ಷಣಾಕೋಶಗಳಿರಬೇಕು. ರೋಗಿಯ ಅಂಗಾಂಶದಲ್ಲಿ ದಾನಿಯಲ್ಲಿಲ್ಲದ ಗುರುತುಗಳಿರಬೇಕು. ಕಸಿಯನ್ನು ಹೊರದೂಡುವ ಬಲ ರೋಗಿಗೆ ಇರಬಾರದು. ಮೂರನೆಯದನ್ನು ವೈದ್ಯರೇ ಒದಗಿಸುತ್ತಿದ್ದರು. ತಿರಸ್ಕಾರ ತಪ್ಪಿಸಲು ಕೊಟ್ಟ ವಿಕಿರಣವೇ ಎದುರು ದಾಳಿಗೆ ದಾರಿ ಮಾಡಿಕೊಡುತ್ತಿತ್ತು. ಹಾಗಾಗಿ ಎರಡನೆಯ ನಿಬಂಧನೆಯತ್ತ ಗಮನ ಹರಿಯಿತು.

ಆ ಗುರುತುಗಳ ಸುಳಿವು ಅದಾಗಲೇ ಸಿಕ್ಕಿತ್ತು. ಪ್ಯಾರಿಸ್ಸಿನಲ್ಲಿ ಜಾನ್ ಡೊಸೆ, ಹಲವು ಬಾರಿ ರಕ್ತ ಪಡೆದವರ ರಕ್ತರಸವು ಇತರ ಕೆಲವರ ಬಿಳಿಯ ರಕ್ತಕಣಗಳನ್ನು ಗುಂಪುಗೂಡಿಸುವುದನ್ನು ಗಮನಿಸಿದ್ದರು. 1958ರಲ್ಲಿ ಅವರು ವಿವರಿಸಿದ ಗುರುತು ಇಂದಿನ ಎಚ್‌ಎಲ್‌ಎ ಪ್ರತಿಜನಕಗಳಲ್ಲಿ ಮೊದಲನೆಯದು. ಇವುಗಳ ಜೀನ್‌ಗಳು 6ನೆಯ ಕ್ರೋಮೊಸೋಮಿನಲ್ಲಿ ಒತ್ತೊತ್ತಾಗಿದ್ದು, ಸಾಮಾನ್ಯವಾಗಿ ತಂದೆಯಿಂದ ಒಂದು, ತಾಯಿಯಿಂದ ಒಂದು ಕಂತೆಯಾಗಿ ಮಗುವಿಗೆ ಬರುತ್ತವೆ. ಆದ್ದರಿಂದ ಒಡಹುಟ್ಟಿದ ಇಬ್ಬರಲ್ಲಿ ಎರಡೂ ಕಂತೆಗಳು ಒಂದೇ ಆಗಿರುವ ಸಂಭವ ನಾಲ್ಕರಲ್ಲಿ ಒಂದು.

1968ರಲ್ಲಿ ಮಿನ್ನೆಸೊಟಾದ ರಾಬರ್ಟ್ ಗುಡ್ ತಂಡ, ಹುಟ್ಟಿನಿಂದಲೇ ರೋಗರಕ್ಷಣೆಯಿಲ್ಲದ ಐದು ತಿಂಗಳ ಗಂಡುಮಗುವಿಗೆ ಎಚ್‌ಎಲ್‌ಎ ಪರೀಕ್ಷಿಸಿ ಆರಿಸಿದ ಅಕ್ಕನ ಮಜ್ಜೆಯನ್ನು ಕಸಿ ಮಾಡಿತು. ಮಗು ಉಳಿದು, ಬೆಳೆದು ದೊಡ್ಡವನಾಯಿತು. ಥಾಮಸ್ ತಂಡ 1977ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಬೇರೆ ಚಿಕಿತ್ಸೆಗಳಿಗೆ ಬಗ್ಗದ ರಕ್ತ ಕ್ಯಾನ್ಸರಿನ 100 ರೋಗಿಗಳ ಪೈಕಿ 13 ಮಂದಿ ರೋಗಮುಕ್ತರಾಗಿ ಬದುಕಿದ್ದರು. ದಾನಿಗಳೆಲ್ಲ ಎಚ್‌ಎಲ್‌ಎ ಹೊಂದಿದ ಒಡಹುಟ್ಟಿದವರು. ಡೊಸೆ 1980ರಲ್ಲಿ, ಥಾಮಸ್ 1990ರಲ್ಲಿ ನೊಬೆಲ್ ಪುರಸ್ಕಾರ ಹಂಚಿಕೊಂಡರು.

ಹಾಗಾದರೆ ದಾನಿ ಪೂರ್ತಿ ತದ್ರೂಪಿಯಾಗಿದ್ದರೆ ಒಳ್ಳೆಯದಲ್ಲವೆ? ಇಲ್ಲಿಯೇ ಸ್ವಾರಸ್ಯ. ಕಸಿಯ ದಾಳಿಗೆ ಗುರಿಯಾದವರಲ್ಲಿ ಕ್ಯಾನ್ಸರ್ ಮರುಕಳಿಸುವುದು ಕಡಿಮೆ ಎಂದು 1979ರಲ್ಲಿ ಥಾಮಸ್ ಅವರ ಸಿಯಾಟಲ್ ತಂಡ ತೋರಿಸಿತು. ತದ್ರೂಪಿ ಅವಳಿಯಿಂದ ಮಜ್ಜೆ ಪಡೆದವರಲ್ಲಿ ಅದು ಮರುಕಳಿಸುವುದು ಹೆಚ್ಚು. ದಾನಿಯ ಲಿಂಫೊಸೈಟ್‌ಗಳು ಕ್ಯಾನ್ಸರ್ ಕೋಶಗಳನ್ನೂ ಪರಕೀಯವೆಂದು ಕೊಲ್ಲುತ್ತವೆ. ರೋಗಿಯನ್ನು ಕೊಲ್ಲಬಲ್ಲ ಭಿನ್ನತೆಯೇ ಅವನನ್ನು ಉಳಿಸಲೂ ಬಲ್ಲದು. ಕಸಿಯ ನಂತರ ಸೈಕ್ಲೊಫಾಸ್ಫಮೈಡ್ ಕೊಟ್ಟು ದಾಳಿಯನ್ನು ಹತೋಟಿಯಲ್ಲಿಡುವ ವಿಧಾನದಿಂದ ಈಗ ಅರ್ಧ ಮಾತ್ರ ಹೊಂದುವ ತಂದೆ, ತಾಯಿ ಅಥವಾ ಮಕ್ಕಳೂ ದಾನಿಗಳಾಗಬಹುದು. ಭಿನ್ನತೆಯನ್ನು ಅಳಿಸುವುದಕ್ಕಿಂತ ಅದನ್ನು ಹದದಲ್ಲಿಡುವುದೇ ಇಂದಿನ ಗುರಿ.