ಕ್ಯಾಲಿಪರ್ ಮತ್ತು ಮೈಕ್ರೊಮೀಟರ್

ವ್ಯಾಸ, ಉದ್ದ, ದಪ್ಪ ಅಳೆಯುವ ಕೈಸಾಧನಗಳು. ಬೆಳಗಾವಿ ಜಿಲ್ಲೆಯ ಎರಕದ ಕಾರ್ಖಾನೆ, ಲೇತ್ ವರ್ಕ್‌ಶಾಪ್‌ಗಳಲ್ಲಿ ನಿತ್ಯ ಬಳಕೆಯವು. ವರ್ನಿಯರ್ ಕ್ಯಾಲಿಪರಿನ ಕನಿಷ್ಠ ಅಳತೆ ಸಾಮಾನ್ಯವಾಗಿ 0.02 ಮಿ.ಮೀ., ಮೈಕ್ರೊಮೀಟರಿನದು 0.01 ಮಿ.ಮೀ. ಆದರೂ ಆಯ್ಕೆಯಲ್ಲಿ ಮೊದಲು ನೋಡಬೇಕಾದ್ದು ಒಂದೇ ತುಣುಕನ್ನು ಹತ್ತು ಸಲ ಅಳೆದರೂ ಒಂದೇ ಅಂಕಿ ಬರುತ್ತದೆಯೇ ಎಂಬುದನ್ನು. ಮೈಕ್ರೊಮೀಟರಿನ ರಾಚೆಟ್ ಒತ್ತಡವನ್ನು ಸಮನಾಗಿಡುತ್ತದೆ. ಕ್ಯಾಲಿಪರಿನಲ್ಲಿ ಹೆಬ್ಬೆರಳ ಬಿಗಿಯೇ ಅಂಕಿಯನ್ನು ಬದಲಿಸೀತು.

ಬಂದೂಕಿನ ಗುಂಡಿನ ಉದ್ದವನ್ನು ಹೀಗೆ ಒಂದೇ ಅಂಕಿ ಬರುವಂತೆ ಅಳೆಯುವುದು ಇನ್ನೂ ಕಠಿಣ. ಅದರ ಮೊನೆ ಒಂದೊಂದರಲ್ಲಿ ಒಂದೊಂದು ಬಗೆ. ಹಾಗಾಗಿ ಬಾಗಿದ ಮೈಮೇಲೆ ನಿಗದಿತ ವ್ಯಾಸದಲ್ಲಿ ಕೂರುವ ಕಂಪ್ಯಾರೇಟರನ್ನು ಕ್ಯಾಲಿಪರಿಗೆ ಜೋಡಿಸಿ ಬುಡದಿಂದ ಅಲ್ಲಿಯವರೆಗೆ ಅಳೆಯುವುದೇ ಸರಿ.

ಅಳತೆಯ ಅಂತರರಾಷ್ಟ್ರೀಯ ಆಧಾರ ಉಷ್ಣಾಂಶ 20° ಸೆ. ಬೇಸಿಗೆಯ 35° ಸೆ.ನಲ್ಲಿ 100 ಮಿ.ಮೀ. ಉಕ್ಕು ಸುಮಾರು 0.017 ಮಿ.ಮೀ. ಹಿಗ್ಗುತ್ತದೆ.