ಹಾಡಿ ಸಿಕ್ಕಿಬಿದ್ದ ಕಂದು ಹಕ್ಕಿ

ಎ.ಓ. ಹ್ಯೂಮ್ ಅಂದ ಕೂಡಲೇ ಏನು ನೆನಪಾಗುತ್ತೆ? 1885, ಕಾಂಗ್ರೆಸ್ ಸ್ಥಾಪನೆ, ಒಂದು ಅಂಕದ ಪ್ರಶ್ನೆ... ಅಷ್ಟೇ ತಾನೇ! ಆದರೆ ಹಕ್ಕಿ ನೋಡುವ ಹುಚ್ಚಿರುವ ನನ್ನಂಥವರಿಗೆ ಆತ ಬೇರೆಯದೇ ಕಾರಣಕ್ಕೆ ಪರಿಚಿತ. ಈ ಬ್ರಿಟಿಷ್ ಅಧಿಕಾರಿ ಭಾರತದ ಹಕ್ಕಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಸಂಗ್ರಹಿಸಿದ್ದ. ಅದರಲ್ಲಿ ಒಂದೇ ಒಂದು ಹಕ್ಕಿಯ ಕಥೆ ಇದು.

1867ರಲ್ಲಿ, ಈಗಿನ ಹಿಮಾಚಲ ಪ್ರದೇಶದ ಸಟ್ಲೆಜ್ ಕಣಿವೆಯಲ್ಲಿ ಅದು ಹ್ಯೂಮ್‌ಗೆ ಸಿಕ್ಕಿತು. ಗುಬ್ಬಿಗಿಂತ ಚಿಕ್ಕದು. ಬೆನ್ನು ಕಂದು, ಹೊಟ್ಟೆ ಮಾಸಲು ಬಿಳಿ. ಪಟ್ಟೆಯಿಲ್ಲ, ಚುಕ್ಕೆಯಿಲ್ಲ. ಕೊಕ್ಕು ಮಾತ್ರ ಸ್ವಲ್ಪ ದೊಡ್ಡದು, ಅದಕ್ಕೇ 'ಲಾರ್ಜ್ ಬಿಲ್ಡ್ ರೀಡ್ ವಾರ್ಬ್ಲರ್' ಎಂಬ ಹೆಸರು.

ತೊಂದರೆ ಏನಪ್ಪಾ ಅಂದ್ರೆ, 'ಬ್ಲಿಥ್ಸ್ ರೀಡ್ ವಾರ್ಬ್ಲರ್' ಎಂಬ ಇನ್ನೊಂದು ಹಕ್ಕಿಯೂ ನೋಡೋಕೆ ಹೆಚ್ಚುಕಮ್ಮಿ ಹೀಗೇ ಇದೆ. (ಚಳಿಗಾಲದಲ್ಲಿ ನಮ್ಮ ಕರ್ನಾಟಕಕ್ಕೂ ಬಂದು, ಬೇಲಿಯೊಳಗೆ ಅಡಗಿ 'ಚಕ್... ಚಕ್' ಅನ್ನುತ್ತಲ್ಲ, ಅದೇ!) ಹ್ಯೂಮ್‌ನದು ಬೇರೆಯೇ ಜಾತಿಯೋ, ಅಥವಾ ಗೊತ್ತಿರುವ ಜಾತಿಯದೇ ಒಂದು ವಿಚಿತ್ರ ಹಕ್ಕಿಯೋ? ಒಂದೇ ಒಂದು ಚರ್ಮ ಇಟ್ಟುಕೊಂಡು ಯಾರು ತಾನೇ ಹೇಳಿಯಾರು? ಕೊನೆಗೆ 2002ರಲ್ಲಿ ಆ ಹಳೆಯ ಚರ್ಮದ ಡಿಎನ್‌ಎ ಪರೀಕ್ಷಿಸಿದಾಗ, ಅದು ಬೇರೆಯೇ ಜಾತಿ ಅಂತ ಗೊತ್ತಾಯಿತು.

ಸರಿ, ಆ ಜಾತಿ ಇನ್ನೂ ಬದುಕಿದೆಯಾ?

2006ರ ಮಾರ್ಚ್‌ನಲ್ಲಿ ಥಾಯ್ಲೆಂಡಿನಲ್ಲಿ ಫಿಲಿಪ್ ರೌಂಡ್ ಎಂಬ ಪಕ್ಷಿತಜ್ಞರ ಬಲೆಗೆ ಒಂದು ಬಿತ್ತು. ಎಲ್ಲಿ ಅಂತೀರಿ? ಕೊಳಚೆ ನೀರು ಶುದ್ಧೀಕರಿಸುವ ಜಾಗದಲ್ಲಿ! ಉದ್ದ ಕೊಕ್ಕು, ಗಿಡ್ಡ ರೆಕ್ಕೆ ನೋಡಿ ಅವರಿಗೆ ಅನುಮಾನ ಬಂತು. ಡಿಎನ್‌ಎ ಹೌದು ಅಂದಿತು. ಸ್ವಲ್ಪ ದಿನದಲ್ಲೇ ಇಂಗ್ಲೆಂಡಿನ ಟ್ರಿಂಗ್ ಮ್ಯೂಸಿಯಮ್ಮಿನಲ್ಲಿ, ಬ್ಲಿಥ್ಸ್ ವಾರ್ಬ್ಲರ್‌ಗಳ ಡ್ರಾಯರಿನೊಳಗೆ ಇನ್ನೊಂದು ಸಿಕ್ಕಿತು. 1869ರಲ್ಲಿ ಭಾರತದಲ್ಲೇ ಹಿಡಿದದ್ದು. ನೂರಮೂವತ್ತಕ್ಕೂ ಹೆಚ್ಚು ವರ್ಷ ತಪ್ಪು ಹೆಸರಿನಡಿ ಮಲಗಿತ್ತು, ಪಾಪ.

ಹಾಗಾದರೆ ಇವು ಗೂಡು ಕಟ್ಟುವುದೆಲ್ಲಿ? ಇದಕ್ಕೆ ಉತ್ತರ ಕೊಟ್ಟದ್ದು ಹಕ್ಕಿಯ ದನಿ. 2008ರಲ್ಲಿ ಆಫ್ಘಾನಿಸ್ತಾನದ ವಖಾನ್ ಪ್ರದೇಶದಲ್ಲಿ ರಾಬರ್ಟ್ ಟಿಮಿನ್ಸ್ ಒಂದು ಹಾಡು ರೆಕಾರ್ಡ್ ಮಾಡಿಕೊಂಡರು. ಬ್ಲಿಥ್ಸ್ ಇರಬೇಕು ಅಂದುಕೊಂಡಿದ್ದರು. ಅದನ್ನು ಕೇಳಿದ ಸ್ವೀಡನ್ನಿನ ಲಾರ್ಸ್ ಸ್ವೆನ್ಸನ್‌ಗೆ, ಇದು ಹ್ಯೂಮ್‌ನ ಹಕ್ಕಿ ಇರಬಹುದು ಅನ್ನಿಸಿತು. 2009ರ ಜೂನ್‌ನಲ್ಲಿ ತಂಡವೊಂದು ಬಲೆ ತೆಗೆದುಕೊಂಡು ಅಲ್ಲಿಗೇ ಹೋಗಿ ಅದೇ ಹಾಡು ಹಾಕಿತು. ನಾಲ್ಕೂ ಕಡೆಯಿಂದ ಹಕ್ಕಿಗಳು ಬಂದವು! ಹೆಚ್ಚುಕಮ್ಮಿ 20 ಹಕ್ಕಿಗಳನ್ನು ಹಿಡಿದು ಅಳತೆ, ಗರಿ ತೆಗೆದುಕೊಂಡರು. ಡಿಎನ್‌ಎ ಅನುಮಾನ ಬಗೆಹರಿಸಿತು.

135 ವರ್ಷ ಮನುಷ್ಯರು ಒಂದು ಚರ್ಮ ನೋಡಿ ಗೊಂದಲಪಟ್ಟರು. ಹಕ್ಕಿಗಳಿಗೆ ಮಾತ್ರ ತಮ್ಮವರು ಯಾರು ಅಂತ ಒಂದು ಹಾಡಿಗೇ ಗೊತ್ತಾಯಿತು. ನಾವು ಪ್ರೋಗ್ರಾಂನಲ್ಲಿ ಎರಡು ದಾಖಲೆ ಒಂದೇ ಥರ ಕಂಡರೆ ಒಂದನ್ನು ಅಳಿಸಿಬಿಡ್ತೀವಿ. ಅಳಿಸುವ ಮೊದಲು ಇನ್ನೊಂದು ಕಾಲಂ ನೋಡಬೇಕು ಅಂತ ಈ ಹಕ್ಕಿ ಹೇಳಿಕೊಡುತ್ತೆ. ಗೊತ್ತಿರುವ ಹಕ್ಕಿ ಅಂದುಕೊಂಡು ಕೈಬಿಟ್ಟ ಜಾತಿಯನ್ನು ಉಳಿಸಬೇಕು ಅಂತ ಯಾರಿಗೂ ಹೊಳೆಯುವುದಿಲ್ಲವಲ್ಲ...

ಈ ಚಳಿಗಾಲದಲ್ಲಿ ನಿಮ್ಮ ಬೇಲಿಯಲ್ಲಿ 'ಚಕ್' ಅಂದರೆ ಒಂದು ನಿಮಿಷ ನಿಂತು ಕೇಳಿ. ಏನು ಕೇಳಿಸಿತು ಅಂತ ನನಗೂ ಹೇಳಿ :-)