ಜೇಬಿಗೊಂದು ತೆಳು ಚಾಕು, ಅದರ ಹಿಂದೊಂದು ಹಳ್ಳಿಯ ಹೊಟ್ಟೆಪಾಡು

ಕೆಂಪು ಹಿಡಿ, ಅದರ ಮೇಲೊಂದು ಬಿಳಿ ಶಿಲುಬೆಯ ಗುರುತು. ಮಡಚಿದರೆ ಬೆರಳುದ್ದ. ಬಿಚ್ಚಿದರೆ ಚಾಕು, ಸ್ಕ್ರೂ ಡ್ರೈವರ್, ಡಬ್ಬಿ ಓಪನರ್. ಸ್ವಿಸ್ ಚಾಕು ಎಂದು ಎಲ್ಲರೂ ಕರೆಯುವ ಇದು ಈಗ ಮೊಬೈಲಿನಲ್ಲೇ ಆರ್ಡರ್ ಮಾಡಿದರೆ ಹಳ್ಳಿಗೂ ಬರುತ್ತದೆ. ಅಸಲಿಯೂ ಬರುತ್ತದೆ, ಅದರ ಹೆಸರಿನಲ್ಲಿ ನಕಲಿಯೂ ಬರುತ್ತದೆ.

ಕೊಳ್ಳುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಇದರಲ್ಲಿ ಎಷ್ಟು ಸಲಕರಣೆ ಇವೆ? ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಲೆಕ್ಕ. ಆದರೆ ಈ ಚಾಕು ಹುಟ್ಟಿ ಬೆಳೆದ ಕಥೆ ನೋಡಿದರೆ ಲೆಕ್ಕ ಬೇರೆಯೇ ಇದೆ. ತೆಳ್ಳಗೆ, ಹಗುರವಾಗಿ, ಬೇಕಾದ್ದನ್ನಷ್ಟೇ ಇಟ್ಟುಕೊಂಡಿದ್ದಕ್ಕೆ ಅದು ಗೆದ್ದಿತು. ಒಂದು ಬಡ ಕಣಿವೆಯ ಜನರ ಕೆಲಸವನ್ನೂ ಉಳಿಸಿತು.

ಮಡಚುವ ಚಾಕು ನಿನ್ನೆ ಮೊನ್ನೆಯದಲ್ಲ

ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಫಿಟ್ಜ್‌ವಿಲಿಯಂ ಎಂಬ ವಸ್ತುಸಂಗ್ರಹಾಲಯವಿದೆ. ಅಲ್ಲಿ ಸುಮಾರು 1,700 ವರ್ಷ ಹಳೆಯ ರೋಮನ್ ಕಾಲದ ಒಂದು ವಸ್ತು ಇದೆ. ಬೆಳ್ಳಿಯದು. ಅದರಲ್ಲಿ ಚಮಚ, ಮುಳ್ಳು ಚಮಚ, ಚೂಪು ಕಡ್ಡಿ, ಕಬ್ಬಿಣದ ಅಲಗು ಎಲ್ಲ ಒಂದೇ ಕಡೆ ಸೇರಿಕೊಂಡು ಮಡಚಿಕೊಳ್ಳುತ್ತವೆ. ಪ್ರಯಾಣದಲ್ಲಿ ಊಟಕ್ಕೆ ಬೇಕಾದ್ದನ್ನು ಒಂದೇ ಕಡೆ ಇಟ್ಟುಕೊಳ್ಳುವ ಆಸೆ ಅಷ್ಟು ಹಳೆಯದು.

ಮುಂದೆ ಯೂರೋಪಿನಲ್ಲಿ ಹಕ್ಕಿಗರಿಯ ಲೇಖನಿ ಬಳಕೆಗೆ ಬಂದಾಗ ಅದರ ತುದಿ ಕೊರೆಯಲು ಸಣ್ಣ ಚಾಕು ಬೇಕಾಯಿತು. ಇಂಗ್ಲಿಷಿನಲ್ಲಿ ಜೇಬಿನ ಚಾಕುವಿಗೆ 'ಪೆನ್‌ನೈಫ್' ಎಂಬ ಹೆಸರು ಬಂದದ್ದು ಅಲ್ಲಿಂದಲೇ.

17ನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಕಸುಬುದಾರರು ಹಿಡಿಯ ಬೆನ್ನಿಗೆ ಉಕ್ಕಿನ ಸ್ಪ್ರಿಂಗ್ ಪಟ್ಟಿ ಹಾಕುವುದನ್ನು ರೂಢಿಗೆ ತಂದರು. ಅಲಗು ಬಿಚ್ಚಿದಾಗ ನೆಟ್ಟಗೆ ನಿಲ್ಲುವುದೂ, ಮಡಚಿದಾಗ ತಾನಾಗಿ ತೆರೆದುಕೊಳ್ಳದಿರುವುದೂ ಈ ಪಟ್ಟಿಯಿಂದಲೇ. ಇಂದಿಗೂ ನಮ್ಮ ಜೇಬಿನ ಹೆಚ್ಚಿನ ಚಾಕುಗಳು ಕೆಲಸ ಮಾಡುವುದು ಇದೇ ರೀತಿಯಲ್ಲಿ.

ಆಮೇಲೆ ಶುರುವಾದದ್ದು ಸಂಖ್ಯೆಯ ಪೈಪೋಟಿ. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ಪ್ರದರ್ಶನಕ್ಕೆ ಶೆಫೀಲ್ಡ್‌ನ ಜೋಸೆಫ್ ರಾಜರ್ಸ್ ಕಂಪನಿ 75 ಅಲಗು ಮತ್ತು ಸಲಕರಣೆಗಳ ಒಂದು ಚಾಕು ಮಾಡಿತು. ನೋಡಲು ಬೆರಗು. ಜೇಬಿಗೆ ಮಾತ್ರ ಉಪಯೋಗವಿಲ್ಲ.

ಬಂದೂಕು ಬಿಚ್ಚಲು ಬೇಕಾದ ಚಾಕು

ಈಗ ಸ್ವಿಟ್ಜರ್ಲೆಂಡಿಗೆ ಹೋಗೋಣ. ಇವತ್ತು ಅದು ಸಿರಿವಂತ ದೇಶ. 19ನೇ ಶತಮಾನದಲ್ಲಿ ಹಾಗಿರಲಿಲ್ಲ. ಬೆಟ್ಟದ ಕಣಿವೆಗಳ ಹಳ್ಳಿಗಳಲ್ಲಿ ದುಡಿಮೆ ಸಾಲದೆ ಎಷ್ಟೋ ಮಂದಿ ಅಮೆರಿಕಕ್ಕೆ ಗುಳೆ ಹೋಗುತ್ತಿದ್ದರು.

ಕಾರ್ಲ್ ಎಲ್ಸೆನರ್ ಹುಟ್ಟಿದ್ದು 1860ರಲ್ಲಿ. ತಂದೆಯದು ಟೋಪಿ ಮಾಡುವ ಕಸುಬು. ಮಗ ಚಾಕು ಮಾಡುವುದನ್ನು ಕಲಿತ, ಪ್ಯಾರಿಸ್ಸಿನಲ್ಲೂ ಜರ್ಮನಿಯಲ್ಲೂ ಕೆಲಸ ಮಾಡಿ ಕೈ ಪಳಗಿಸಿಕೊಂಡ. 1884ರಲ್ಲಿ ಶ್ವೀಟ್ಸ್ ಪ್ರಾಂತ್ಯದ ಇಬಾಖ್ ಎಂಬ ಹಳ್ಳಿಯಲ್ಲಿ ಸ್ವಂತ ಕಾರ್ಯಾಗಾರ ತೆರೆದ. ಯಂತ್ರ ತಿರುಗಿಸಲು ಹಳ್ಳದ ನೀರಿನ ಚಕ್ರ. ತನ್ನ ಸೀಮೆಯ ಹುಡುಗರಿಗೆ ಊರಲ್ಲೇ ಕೆಲಸ ಸಿಗಬೇಕು ಎಂಬುದು ಅವನ ಹಂಬಲ.

ಅದೇ ಹೊತ್ತಿಗೆ ಸ್ವಿಸ್ ಸೈನ್ಯ 1889ರ ಮಾದರಿಯ ಹೊಸ ಬಂದೂಕು ತಂದಿತ್ತು. ಅದನ್ನು ಬಿಚ್ಚಿ ಒರೆಸಬೇಕಾದರೆ ಸ್ಕ್ರೂ ಡ್ರೈವರ್ ಬೇಕು. ಸೈನಿಕನ ಚೀಲದಲ್ಲಿ ಡಬ್ಬಿಯೂಟವೂ ಇತ್ತು. ಅದನ್ನು ತೆರೆಯಲು ಓಪನರ್ ಬೇಕು. ಹಾಗಾಗಿ ಅಲಗು, ಸ್ಕ್ರೂ ಡ್ರೈವರ್, ಡಬ್ಬಿ ಓಪನರ್, ಚರ್ಮಕ್ಕೆ ತೂತು ಹಾಕುವ ದಬ್ಬಳದಂಥ ಚೂಪು, ಈ ನಾಲ್ಕೂ ಇರುವ ಮರದ ಹಿಡಿಯ ಚಾಕುವನ್ನು ಸೈನ್ಯ ಒಪ್ಪಿಕೊಂಡಿತು. ಅದೇ 1890ರ ಮಾದರಿಯ ಸೈನಿಕರ ಚಾಕು.

ಗಮನಿಸಿ, ನಾಲ್ಕಕ್ಕೂ ನಾಲ್ಕು ಕಾರಣ ಇದ್ದವು. ಅಂದಕ್ಕಾಗಿ ಹಾಕಿದ್ದು ಒಂದೂ ಇರಲಿಲ್ಲ.

ಅಗ್ಗದ ಮಾಲಿನ ಮುಂದೆ ಸೋಲು

ಚಾಕು ಸ್ವಿಸ್ ಸೈನ್ಯದ್ದು, ಆದರೆ ಮೊದಲ ಕಂತು ತಯಾರಾದದ್ದು ಜರ್ಮನಿಯ ಸೋಲಿಂಗನ್ ಊರಿನಲ್ಲಿ. ಅಷ್ಟು ಸಂಖ್ಯೆಯಲ್ಲಿ ಮಾಡಿಕೊಡುವ ಕಾರ್ಖಾನೆ ಸ್ವಿಟ್ಜರ್ಲೆಂಡಿನಲ್ಲಿ ಇರಲೇ ಇಲ್ಲ.

ಎಲ್ಸೆನರ್‌ಗೆ ಇದು ಸಹಿಸಲಾಗಲಿಲ್ಲ. ದೇಶದ ಚಾಕು ಕಸುಬುದಾರರನ್ನು ಸೇರಿಸಿ ಒಂದು ಸಂಘ ಕಟ್ಟಿದ. ಹಂಚಿಕೊಂಡು ಕೆಲಸ ಮಾಡಿದರೆ ಸೈನ್ಯದ ಆರ್ಡರ್ ನಮ್ಮಲ್ಲೇ ಉಳಿಯುತ್ತದೆ ಎಂಬುದು ಯೋಚನೆ. 1891ರಲ್ಲಿ ಸೈನ್ಯಕ್ಕೆ ಚಾಕು ಕೊಡಲು ಶುರುವೂ ಮಾಡಿದ.

ಆದರೆ ಸೋಲಿಂಗನ್‌ನಲ್ಲಿ ಯಂತ್ರಗಳಿದ್ದವು, ಬೆಲೆ ಕಡಿಮೆ. ಇಬಾಖ್‌ನಲ್ಲಿ ಬಹುಪಾಲು ಕೈಕೆಲಸ. ನಷ್ಟ ಕಂಡ ಸಂಗಡಿಗರು ಒಬ್ಬೊಬ್ಬರಾಗಿ ಸಂಘ ಬಿಟ್ಟರು. ಎಲ್ಸೆನರ್ ಒಬ್ಬನೇ ಹಿಡಿದು ನಿಂತು ಸಾಲದಲ್ಲಿ ಮುಳುಗಿದ. ನೆಂಟರು ಕೈ ಹಿಡಿಯದಿದ್ದರೆ ಕಾರ್ಯಾಗಾರಕ್ಕೆ ಬೀಗ ಬೀಳುತ್ತಿತ್ತು.

ಕುಲುಮೆಯ ಕುಡುಗೋಲಿನ ಪಕ್ಕದಲ್ಲೇ ಕಾರ್ಖಾನೆಯ ಅಗ್ಗದ ಕುಡುಗೋಲು ಸಂತೆಗೆ ಬಂದದ್ದನ್ನು ನೋಡಿದವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ಸ್ಪ್ರಿಂಗ್, ಆರು ಸಲಕರಣೆ

ಬೆಲೆಯಲ್ಲಿ ಗೆಲ್ಲಲಾಗದು ಎಂದು ಗೊತ್ತಾದ ಮೇಲೆ ಎಲ್ಸೆನರ್ ಬೇರೆ ದಾರಿ ಹುಡುಕಿದ. ಸೈನಿಕರ ಚಾಕು ಗಟ್ಟಿ, ಆದರೆ ಭಾರ. ಅಧಿಕಾರಿಗಳು ಜೇಬಿನಲ್ಲಿ ಇಟ್ಟುಕೊಳ್ಳುವಂಥ ಹಗುರದ ಚಾಕು ಮಾಡಿದರೆ ಹೇಗೆ?

ಇಲ್ಲೇ ಇರುವುದು ಅವನ ಕೈಚಳಕ. ಒಂದೊಂದು ಸಲಕರಣೆಗೆ ಒಂದೊಂದು ಸ್ಪ್ರಿಂಗ್ ಹಾಕುತ್ತಾ ಹೋದರೆ ಚಾಕು ದಪ್ಪವಾಗುತ್ತದೆ. ಎಲ್ಸೆನರ್ ಒಂದೇ ಸ್ಪ್ರಿಂಗ್ ಪಟ್ಟಿಯನ್ನು ಹಿಡಿಯ ಎರಡೂ ಮಗ್ಗುಲಿನ ಸಲಕರಣೆಗಳಿಗೆ ದುಡಿಸಿದ. ಹೊಟ್ಟೆಯ ಕಡೆ ಅಲಗು, ಬೆನ್ನಿನ ಕಡೆ ಕಾರ್ಕ್ ಸ್ಕ್ರೂ, ನಡುವೆ ಅದೇ ಪಟ್ಟಿ. ಹೀಗೆ ಎರಡೇ ಸ್ಪ್ರಿಂಗಿನಲ್ಲಿ ಆರು ಸಲಕರಣೆ ಕೂತವು. ಸೈನಿಕರ ಚಾಕುವಿಗಿಂತ ಎರಡು ಸಲಕರಣೆ ಹೆಚ್ಚು, ಆದರೂ ಹಗುರ.

1897ರ ಜೂನ್ 12ರಂದು 'ಅಧಿಕಾರಿಗಳ ಚಾಕು' ಎಂಬ ಹೆಸರಿನಲ್ಲಿ ಅದು ನೋಂದಣಿಯಾಯಿತು. ಸೈನ್ಯ ಇದನ್ನು ಸರಕಾರದ ದುಡ್ಡಿನಿಂದ ಕೊಳ್ಳಲಿಲ್ಲ. ಅಧಿಕಾರಿಗಳು ಸ್ವಂತ ಜೇಬಿನಿಂದ ದುಡ್ಡು ಕೊಟ್ಟು ಕೊಂಡರು, ಅವರನ್ನು ನೋಡಿ ಉಳಿದವರೂ ಕೊಂಡರು. ಸಾಲ ತೀರಿತು, ಕಾರ್ಯಾಗಾರ ಉಳಿಯಿತು.

ತಾಯಿಯ ಹೆಸರು

1909ರಲ್ಲಿ ಎಲ್ಸೆನರ್‌ನ ತಾಯಿ ವಿಕ್ಟೋರಿಯಾ ತೀರಿಕೊಂಡರು. ಮಗ ಕಂಪನಿಗೆ ತಾಯಿಯ ಹೆಸರನ್ನೇ ಇಟ್ಟ. 1921ರಲ್ಲಿ ತುಕ್ಕು ಹಿಡಿಯದ ಉಕ್ಕು, ಅಂದರೆ ಸ್ಟೇನ್‌ಲೆಸ್ ಸ್ಟೀಲ್, ಬಳಕೆಗೆ ಬಂತು. ಅದಕ್ಕೆ ಫ್ರೆಂಚಿನಲ್ಲಿ 'ಇನಾಕ್ಸ್' ಎನ್ನುತ್ತಾರೆ. ಎರಡೂ ಸೇರಿ 'ವಿಕ್ಟೋರಿನಾಕ್ಸ್' ಆಯಿತು.

ಇಷ್ಟರಲ್ಲಿ ದೇಶದ ಇನ್ನೊಂದು ಮೂಲೆಯಲ್ಲಿ, ಫ್ರೆಂಚ್ ಮಾತಾಡುವ ಜುರಾ ಸೀಮೆಯಲ್ಲಿ ಮತ್ತೊಂದು ಕಾರ್ಖಾನೆ ಹುಟ್ಟಿತ್ತು. ಅದೇ ಮುಂದೆ ವೆಂಗರ್ ಎಂದು ಹೆಸರಾಯಿತು. ಜರ್ಮನ್ ಮಾತಿನವರಿಗೆ ಕೊಟ್ಟರೆ ಫ್ರೆಂಚ್ ಮಾತಿನವರಿಗೆ ಬೇಸರ, ಅವರಿಗೆ ಕೊಟ್ಟರೆ ಇವರಿಗೆ ಬೇಸರ. 1908ರಲ್ಲಿ ಸರಕಾರ ಸೈನ್ಯದ ಆರ್ಡರನ್ನು ಅರ್ಧರ್ಧ ಹಂಚಿತು. 2005ರಲ್ಲಿ ವಿಕ್ಟೋರಿನಾಕ್ಸ್ ವೆಂಗರನ್ನು ಕೊಂಡುಕೊಳ್ಳುವ ತನಕ ಎರಡೂ ಪೈಪೋಟಿಯಲ್ಲೇ ಬದುಕಿದವು.

ಎರಡನೆಯ ಮಹಾಯುದ್ಧದ ನಂತರ ಯೂರೋಪಿನಲ್ಲಿದ್ದ ಅಮೆರಿಕದ ಸೈನಿಕರು ಈ ಚಾಕುಗಳನ್ನು ಕೊಂಡು ಊರಿಗೆ ಒಯ್ದರು. ಜರ್ಮನ್ ಭಾಷೆಯ ಉದ್ದನೆಯ ಹೆಸರು ಅವರ ನಾಲಿಗೆಗೆ ಹೊರಳಲಿಲ್ಲ. ಹಾಗಾಗಿ 'ಸ್ವಿಸ್ ಆರ್ಮಿ ನೈಫ್' ಎಂದರು. ಲೋಕಕ್ಕೆಲ್ಲ ಆ ಹೆಸರೇ ನಿಂತಿತು.

ನಾಲ್ಕೇ ಸಲಕರಣೆ ಸಾಕಾಗಿತ್ತು

1961ರಲ್ಲಿ ಸೈನಿಕರಿಗೆ ಅಲ್ಯೂಮಿನಿಯಂ ಹಿಡಿಯ ಹೊಸ ಮಾದರಿ ಬಂತು. ಉದ್ದ 93 ಮಿಲಿಮೀಟರ್. ಅದರಲ್ಲಿದ್ದದ್ದು ಅಲಗು, ತೂತು ಹಾಕುವ ಚೂಪು, ಡಬ್ಬಿ ಓಪನರ್, ಬಾಟಲಿ ಓಪನರ್. ಎರಡೂ ಓಪನರ್‌ಗಳ ತುದಿಯೇ ಸ್ಕ್ರೂ ಡ್ರೈವರ್. ಎರಡೇ ಪದರ, ತೆಳು ಮೈ. ಅದನ್ನೇ ಹಿಡಿದು ಸ್ವಿಸ್ ಸೈನ್ಯ 2008ರವರೆಗೆ, ಅಂದರೆ 47 ವರ್ಷ, ಕೆಲಸ ಮಾಡಿತು.

ಇದಕ್ಕೆ ಎದುರಾಗಿ 2006ರಲ್ಲಿ ವೆಂಗರ್ ಕಂಪನಿ 87 ಸಲಕರಣೆಗಳ ಒಂದು ದೈತ್ಯ ಚಾಕು ಮಾಡಿ ಗಿನ್ನೆಸ್ ದಾಖಲೆ ಸೇರಿತು. ತೂಕ ಒಂದು ಕಿಲೋಗೂ ಹೆಚ್ಚು. 1851ರ ಶೆಫೀಲ್ಡ್ ಚಾಕುವಿನಂತೆ ಇದೂ ಗಾಜಿನ ಪೆಟ್ಟಿಗೆಯ ಸರಕೇ.

ಮತ್ತೆ ಎರಡು ಪರೀಕ್ಷೆ

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ವಿಮಾನದೊಳಗೆ ಚಾಕು ಒಯ್ಯುವುದು ನಿಂತಿತು. ವಿಮಾನ ನಿಲ್ದಾಣದ ಅಂಗಡಿಗಳಿಂದ ಚಾಕು ಮಾಯವಾಯಿತು. ವ್ಯಾಪಾರ ಒಮ್ಮೆಲೇ ಕುಸಿಯಿತು. ಆದರೂ ಇಬಾಖ್‌ನಲ್ಲಿ ಈ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಓವರ್‌ಟೈಂ ನಿಲ್ಲಿಸಿದರು, ಹೊಸಬರನ್ನು ಸೇರಿಸಿಕೊಳ್ಳುವುದು ಬಿಟ್ಟರು, ಕೆಲವರನ್ನು ಸ್ವಲ್ಪ ಕಾಲ ಬೇರೆ ಕಂಪನಿಗಳಿಗೆ ಎರವಲು ಕೊಟ್ಟರು. 1884ರ ಹಂಬಲ ನಾಲ್ಕನೆಯ ತಲೆಮಾರಿನ ಹೊತ್ತಿಗೂ ಮಾಸಿರಲಿಲ್ಲ.

ಎರಡನೆಯ ಪರೀಕ್ಷೆ ಸೈನ್ಯ ಹೊಸ ಚಾಕು ಬೇಕೆಂದಾಗ ಬಂತು. ವಿಶ್ವ ವ್ಯಾಪಾರ ನಿಯಮದ ಪ್ರಕಾರ ಯಾವ ದೇಶದವರಾದರೂ ಟೆಂಡರ್ ಹಾಕಬಹುದಿತ್ತು. ಸ್ವಿಸ್ ಸೈನ್ಯದ ಚಾಕು ಚೀನಾದಲ್ಲಿ ತಯಾರಾದರೆ ಗತಿಯೇನು ಎಂದು ದೇಶದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಸೋಲಿಂಗನ್ ಕಾಲದ ಭಯ ನೂರು ವರ್ಷದ ಮೇಲೆ ಬೇರೆ ಹೆಸರಿನಲ್ಲಿ ಬಂದಿತ್ತು. ಕೊನೆಗೆ ಟೆಂಡರ್ ಸಿಕ್ಕಿದ್ದು ಇಬಾಖ್‌ಗೇ. 111 ಮಿಲಿಮೀಟರಿನ ಆ ಚಾಕುವಿನ ಅಲಗನ್ನು ಒಂದೇ ಕೈಯಲ್ಲಿ ಬಿಚ್ಚಬಹುದು, ಬಿಚ್ಚಿದ ಮೇಲೆ ಲಾಕ್ ಆಗುತ್ತದೆ.

ನಮ್ಮ ಜೇಬಿಗೆ ಯಾವುದು?

ಈ ಚರಿತ್ರೆಯಿಂದ ಕೊಳ್ಳುವವರಿಗೆ ಸಿಗುವ ಬುದ್ಧಿ ಸರಳ. ಒಂದು ವಾರ ನಿಮ್ಮ ಕೆಲಸ ನೀವೇ ನೋಡಿ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದು, ಹನಿ ನೀರಾವರಿ ಪೈಪು ಕೊಯ್ಯುವುದು, ಸ್ಟಾರ್ಟರ್ ಪೆಟ್ಟಿಗೆಯ ಸ್ಕ್ರೂ ಬಿಗಿ ಮಾಡುವುದು, ಹಣ್ಣು ಹೆಚ್ಚುವುದು. ಪದೇ ಪದೇ ಬಂದ ಮೂರು ನಾಲ್ಕು ಕೆಲಸಕ್ಕೆ ಬೇಕಾದ್ದಷ್ಟೇ ಇರುವ ಚಾಕು ಸಾಕು. ಉಳಿದ ಒಂದೊಂದು ಪದರವೂ ಜೇಬಿಗೆ ಭಾರ. ಭಾರವಾದದ್ದನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇವೆ, ಬೇಕಾದಾಗ ಕೈಗೆ ಸಿಗುವುದಿಲ್ಲ.

ಅಂಗಡಿಯಲ್ಲಿ ಬಿಚ್ಚಿ ನೋಡಿ. ಅಲಗು ಅತ್ತಿತ್ತ ಅಲುಗಾಡಬಾರದು. ಮಡಚುವಾಗ 'ಟಕ್' ಎಂದು ಕೂರಬೇಕು. ಪದರಗಳ ಸಂದಿಯಲ್ಲಿ ಬೆಳಕು ಹಾಯಬಾರದು. ಲಾಕ್ ಇಲ್ಲದ ಚಾಕುವಿನ ಮೊನೆಯಿಂದ ಚುಚ್ಚಿ ಒತ್ತಬೇಡಿ, ಮಡಚಿಕೊಂಡು ಬೆರಳಿಗೆ ಬೀಳುತ್ತದೆ. ವಿಮಾನ ಹತ್ತುವುದಿದ್ದರೆ ಕೈಚೀಲದಲ್ಲಿ ಬೇಡ, ಲಗೇಜಿಗೆ ಹಾಕುವ ಚೀಲದಲ್ಲಿಡಿ.

ಇನ್ನೊಂದು ಮಾತು. ಮಲೆನಾಡಿನವರ ಸೊಂಟದ ಕತ್ತಿ, ಅಜ್ಜಿಯ ಎಲೆಯಡಿಕೆ ಚೀಲದ ಅಡಕತ್ತರಿ, ಕೊಡವರ ಪೀಚೆಕತ್ತಿ, ಇವೆಲ್ಲ ಮಾಡುವ ಕೈಗಳು ನಮ್ಮಲ್ಲೂ ಇವೆ. ಇಬಾಖ್‌ನ ಕುಶಲಕರ್ಮಿಗಿಂತ ನಮ್ಮ ಕಮ್ಮಾರರ ಕೈಹದ ಕಡಿಮೆಯೇನಲ್ಲ. ಕಷ್ಟದ ಕಾಲದಲ್ಲಿ ಎಲ್ಸೆನರ್‌ಗೆ ನೆಂಟರ ಸಾಲ ಸಿಕ್ಕಿತು, ಸ್ವಂತ ದುಡ್ಡು ಕೊಟ್ಟು ಕೊಳ್ಳುವ ಗಿರಾಕಿಯೂ ಸಿಕ್ಕಿದ. ಮುಂದಿನ ಸಂತೆಯಲ್ಲಿ ಇಪ್ಪತ್ತು ರೂಪಾಯಿ ಉಳಿಸಲು ಚೌಕಾಸಿ ಮಾಡುವ ಮುಂಚೆ, ಕುಲುಮೆಯವರ ಕುಡುಗೋಲನ್ನು ಒಮ್ಮೆ ಕೈಯಲ್ಲಿ ಹಿಡಿದು ತೂಗಿ ನೋಡಿ ಎಂಬುದಷ್ಟೇ ನಮ್ಮ ವಿನಂತಿ.